ಚಾರ್ಜರಿನ ಮೇಲೆ ಹೊರಿಸಿದ ತಪ್ಪು

2001ನೆಯ ಇಸವಿಯಲ್ಲಿ ಬೆಂಗಳೂರಿನ ಬೀದಿಗಿಳಿದ ‘ರೇವಾ’ ಎಂಬ ಪುಟ್ಟ ಕಾರು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಇಬ್ಬರು ದೊಡ್ಡವರು, ಹಿಂದಿನ ಪೀಠದಲ್ಲಿ ಇಬ್ಬರು ಮಕ್ಕಳು, ಇಷ್ಟೇ ಅದರ ಸಂಸಾರ. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲಿನ ಹಂಗಿಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಕಂಪನಿಯ ಕೂಸು ಅದು. ಮುಂದೆ ‘ಜಿ-ವಿಜ್’ ಎಂಬ ಹೆಸರು ತೊಟ್ಟು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರ ಸಂಸ್ಥೆಯ ಕೈಸೇರಿ, 2013ರಲ್ಲಿ ಬೇರೆ ಮಾದರಿ ಹೊರಬಂದ ಬಳಿಕ, ರೇವಾ ಹಳೆಯ ಗಾಡಿಗಳ ಪಂಕ್ತಿಗೆ ಸೇರಿತು. ಉಳಿದಿರುವ ರೇವಾಗಳಿಗೆ ಈಗ ಮುಪ್ಪು. ಮುಪ್ಪಿನ ವಿದ್ಯುತ್ ಕಾರನ್ನು ಮೂಲೆ ಸೇರಿಸುವುದು ಅನೇಕ ಸಲ ಮೋಟಾರಲ್ಲ. ಒಂದು ಸಂಜೆ ಪ್ಲಗ್ಗು ಚುಚ್ಚಿದಾಗ ಹೊತ್ತದೆ ಹೋದ ಒಂದು ಸಣ್ಣ ದೀಪ.

ಗೋಡೆಯ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟಿನ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವುದು. ಮೊದಲಿನದನ್ನು ಎರಡನೆಯದಾಗಿ ಮಾರ್ಪಡಿಸಿ, ಬ್ಯಾಟರಿಗೆ ಸಹನವಾಗುವಷ್ಟನ್ನೇ ಅಳೆದು ಉಣಿಸುವ ಪೆಟ್ಟಿಗೆಯೇ ಚಾರ್ಜರು. ಕಾರಿನೊಳಗೇ ಅದನ್ನು ಕೂರಿಸಿರುವುದರಿಂದ ಹೋದಲ್ಲೆಲ್ಲ ಒಂದು ಸಾಕೆಟ್ಟು ಸಿಕ್ಕರೆ ಸಾಕು. ಅನುಕೂಲ ದೊಡ್ಡದೇ. ಆದರೆ ಈ ಸೂಕ್ಷ್ಮ ಯಂತ್ರ ವರ್ಷಗಟ್ಟಲೆ ಹಳ್ಳಕೊಳ್ಳಗಳ ಕುಲುಕಾಟವನ್ನೂ ಧೂಳನ್ನೂ ಬೇಸಿಗೆಯ ಬೇಗೆಯನ್ನೂ ಕಾರಿನೊಡನೆ ಉಣ್ಣಬೇಕಾಗುತ್ತದೆ.

ಇಂಥ ಕಾರಿನ ಒಡೆಯರೊಬ್ಬರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಜಯನಗರದಲ್ಲಿ ಮನೆ, ನಿವೃತ್ತ ಅಧ್ಯಾಪಕರು. ಪತ್ನಿಗೆ ಮಂಡಿನೋವು. ಆಟೋರಿಕ್ಷಾ ಹತ್ತಿ ಇಳಿಯುವುದು ಆಕೆಗೆ ಯಾತನೆ. ಆಸ್ಪತ್ರೆಗಾಗಲಿ ತಂಗಿಯ ಮನೆಗಾಗಲಿ ಹೋಗಬೇಕಾದರೆ ಮನೆಯ ಬಾಗಿಲಲ್ಲೇ ನಿಲ್ಲುವ ಈ ಗಾಡಿಯೇ ಗತಿ. ಒಂದು ಸಂಜೆ ಮೇಷ್ಟರು ಪ್ಲಗ್ಗು ಚುಚ್ಚಿದರು, ದೀಪ ಹೊತ್ತಲಿಲ್ಲ. ಮರುದಿನವೂ ಇಲ್ಲ.

ಸಲಹೆಗಳಿಗೇನೂ ಬರವಿರಲಿಲ್ಲ. ನೆರೆಮನೆಯವರು “ಬ್ಯಾಟರಿ ಸತ್ತಿದೆ” ಎಂದರು. ಗ್ಯಾರೇಜಿನವನು ಮುಚ್ಚಳವನ್ನೂ ತೆರೆಯದೆ “ಚಾರ್ಜರು ಹೋಗಿದೆ” ಎಂದು ತೀರ್ಪಿತ್ತ. ಗುಜರಿಯವನು ಯಾವುದೂ ಹೇಳದೆ ಬೆಲೆ ಮಾತ್ರ ಹೇಳಿದ. ಕಳಚಿದ ಕಾರೊಂದರಿಂದ ತೆಗೆದ ಹಳೆಯ ಚಾರ್ಜರು ಒಂದೆಡೆ ಇದೆಯೆಂದು ಕೇಳಿ ಮೇಷ್ಟರು ಮುಂಗಡ ಕೊಡಲು ಹೊರಟೇಬಿಟ್ಟಿದ್ದರು. ತಡೆದವನು ಮನೆಯ ಯು.ಪಿ.ಎಸ್. ರಿಪೇರಿಗೆ ಬರುತ್ತಿದ್ದ ಹಳೆಯ ಕೈಕಸುಬಿನವನು.

“ಮೇಷ್ಟ್ರೇ, ವಿಚಾರಣೆಯೇ ಇಲ್ಲದೆ ಗಲ್ಲಿಗೇರಿಸಿಬಿಟ್ಟಿರಲ್ಲ. ಮೊದಲು ಗೋಡೆಯಿಂದ ಶುರು ಮಾಡೋಣ.”

ಗೋಡೆಯಿಂದ ಎಂಬ ಮಾತೇ ಈ ವಿದ್ಯೆಯ ಅರ್ಧ ಭಾಗ. ಚಾರ್ಜರು ನಡುವೆ ಕುಳಿತಿರುವ ಪೆಟ್ಟಿಗೆ. ಅದರ ಹಿಂದೆ ಮನೆಯ ವೈರು, ಸಾಕೆಟ್ಟು, ಪ್ಲಗ್ಗುಗಳಿವೆ. ಮುಂದೆ ಬ್ಯಾಟರಿಗಳೂ ಅವುಗಳ ಶಾಖವನ್ನು ಅಳೆಯುವ ತಂತಿಗಳೂ ಇವೆ. ಎರಡು ಕಡೆಯಲ್ಲಿ ಯಾರು ತಪ್ಪಿದರೂ ಕೆಲಸ ನಿಲ್ಲಿಸುವುದು ನಡುವಿನ ಪೆಟ್ಟಿಗೆಯೇ. ಹೀಗಾಗಿ ಬೈಗುಳವೂ ಅದಕ್ಕೇ. ಕೆಲಸ ಯಾವ ಹೊತ್ತಿನಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಅಪರಾಧಿಯ ಮನೆಯ ದಾರಿ ಬಹುಮಟ್ಟಿಗೆ ತಿಳಿಯುತ್ತದೆ. ಪ್ಲಗ್ಗು ಚುಚ್ಚಿದೊಡನೆ ಮನೆಯ ಟ್ರಿಪ್ ಸ್ವಿಚ್ಚು ಹಾರಿದರೆ ಎಲ್ಲಿಯೋ ನೇರ ಷಾರ್ಟು, ಇಲ್ಲವೆ ತೇವದಿಂದ ಅರ್ತಿಗೆ ಸೋರಿಕೆ. ಹದಿನೈದಿಪ್ಪತ್ತು ನಿಮಿಷ ನಡೆದು ನಿಂತರೆ ಶಾಖದ ಮೇಲೆ ಸಂಶಯ. ರಾತ್ರಿಯೆಲ್ಲ ನಡೆದೂ ಮುಗಿಯದಿದ್ದರೆ ಬ್ಯಾಟರಿಯ ಮೇಲೆ. ಎಳ್ಳಷ್ಟೂ ಚಲನೆಯಿಲ್ಲದಿದ್ದರೆ ಗೋಡೆಯ ಮೇಲೆ. ಅಥವಾ ಬ್ಯಾಟರಿ ತೀರ ಬರಿದಾಗಿ ಚಾರ್ಜರು ಅದನ್ನು ಗುರುತಿಸಲಾರದೆ ಹೋಗಿದೆ.

ಮೇಷ್ಟರ ಮನೆಯಲ್ಲಿ ಸಾಕೆಟ್ಟನ್ನು ಬಿಚ್ಚಿದಾಗ ಒಳಗೆ ಕರಿ. ಪ್ಲಗ್ಗಿನ ಒಂದು ಕಡ್ಡಿ ನೀಲಿಗಪ್ಪಾಗಿತ್ತು. ಕಾರು ನಿಲ್ಲಿಸುವ ಜಾಗ ಬದಲಾದಾಗಿನಿಂದ ಹದಿನೈದು ಮೀಟರು ಉದ್ದದ ತೆಳು ವೈರಿನ ಎಕ್ಸ್‌ಟೆನ್ಷನ್ನು ಬೇರೆ. ಇಲ್ಲಿ ಒಂದು ಚಿಕ್ಕ ಲೆಕ್ಕ ಅಗತ್ಯ. ಸುಮಾರು ಎರಡು ಸಾವಿರದ ಇನ್ನೂರು ವ್ಯಾಟಿನ ಚಾರ್ಜರು 10 ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಸಡಿಲವಾದ ಕಡ್ಡಿ ಅರ್ಧ ಓಮಿನಷ್ಟು ಅಡ್ಡಿಯೊಡ್ಡಿದರೂ ಅಲ್ಲಿ ಹುಟ್ಟುವ ಶಾಖ 50 ವ್ಯಾಟು. ಬೆಸುಗೆ ಹಾಕುವ ಕಡ್ಡಿಗೂ ಅಷ್ಟೇ ಶಾಖ ಸಾಕು. ಮಿಕ್ಸಿಯೋ ಇಸ್ತ್ರಿ ಪೆಟ್ಟಿಗೆಯೋ ಕೆಲವು ನಿಮಿಷ ಎಳೆದು ಬಿಡುತ್ತದೆ; ಕಾರು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ದಿನವೂ ರಾತ್ರಿ ಮನೆಮಂದಿಯೆಲ್ಲ ಮಲಗಿರುವಾಗ ಗೋಡೆಯೊಳಗೆ ಬೆಸುಗೆಯ ಕಡ್ಡಿ ಕಾಯುತ್ತಿತ್ತೆಂದು ತಿಳಿದು ಮೇಷ್ಟರ ಪತ್ನಿ ಗಾಬರಿಗೊಂಡರೆ ಅದು ಸಹಜವೇ.

ದಪ್ಪ ವೈರು, 16 ಆಂಪಿಯರಿನ ಹೊಸ ಸಾಕೆಟ್ಟು, ಬಿಗಿಯಾದ ಅರ್ತು ಬಂದವು. ದೀಪ ಹೊತ್ತಿತು. ಮೇಷ್ಟರು ಕಾಫಿ ತರಿಸಿದರು. ಲೋಟ ಬರಿದಾಗುವ ಹೊತ್ತಿಗೆ ದೀಪ ಆರಿತ್ತು.

ಇಪ್ಪತ್ತು ನಿಮಿಷ! ಕೈಕಸುಬಿನವನ ಮುಖದಲ್ಲಿ ಬೇಸರದ ಬದಲು ಉತ್ಸಾಹ ಕಂಡಿತು. ಸ್ವಲ್ಪ ಹೊತ್ತು ಆರಲು ಬಿಟ್ಟು ಮತ್ತೆ ಚುಚ್ಚಿದರೆ ಮತ್ತೆ ಹೊತ್ತಿತು, ಮತ್ತೆ ಆರಿತು. ಪೆಟ್ಟಿಗೆಯನ್ನು ತೆರೆಯಲೇಬೇಕಾಯಿತು. ಆಗ ಅವನು ಮಾಡಿದ ಮೊದಲ ಕೆಲಸ ಮೇಷ್ಟರನ್ನು ಎರಡು ಮಾರು ದೂರ ನಿಲ್ಲಿಸಿದ್ದು.

“ಪ್ಲಗ್ಗು ಕಿತ್ತಿದ್ದಾಗಿದೆಯಲ್ಲಪ್ಪಾ, ಇನ್ನೇನು ಭಯ?”

“ಕಿತ್ತರೂ ಒಳಗೆ ಕೂತಿರುತ್ತೆ ಮೇಷ್ಟ್ರೇ. ಅದಕ್ಕೆ ಪ್ಲಗ್ಗಿನ ಹಂಗಿಲ್ಲ.”

ಅವನ ಮಾತು ಅಕ್ಷರಶಃ ಸತ್ಯ. ಗೋಡೆಯ ವಿದ್ಯುತ್ತನ್ನು ಏಕಮುಖ ಮಾಡಿದೊಡನೆ ಅದು 325 ವೋಲ್ಟಿನ ಮಟ್ಟಕ್ಕೇರಿ ದಪ್ಪ ಕೆಪಾಸಿಟರುಗಳಲ್ಲಿ ಸಂಗ್ರಹವಾಗುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಅಲ್ಲಿಯೇ ಹೊಂಚುಹಾಕಿರಬಹುದು. ರಿಪೇರಿಯವರು ಹಳೆಯ ತಂತಿಬಲ್ಬೊಂದನ್ನು ಅದಕ್ಕೆ ಮುಟ್ಟಿಸಿ ಬರಿದು ಮಾಡಿ, ಮೀಟರಿನಿಂದ ಅಳೆದು, ಬಳಿಕವೇ ಬೆರಳಿಡುತ್ತಾರೆ. ಈ ಅಭ್ಯಾಸವಿಲ್ಲದ ಒಡೆಯರ ಅಧಿಕಾರ ಮುಚ್ಚಳದ ಸ್ಕ್ರೂಗಳ ಹೊರಗೇ ಮುಗಿಯಬೇಕು. ರೇವಾದ ಬ್ಯಾಟರಿಯಾದರೋ 48 ವೋಲ್ಟಿನದು. 2009ರಲ್ಲಿ ಜಪಾನಿನಲ್ಲಿ ಹೊರಬಂದ ಮಿತ್ಸುಬಿಷಿ ಐ-ಮೀವ್ ಕಾರಿನದು 330 ವೋಲ್ಟು. ಆಮೇಲಿನ ಕಾರುಗಳಲ್ಲಿ ಅದಕ್ಕೂ ಮಿಗಿಲು. ಅಂಥ ಕಾರುಗಳ ಕಿತ್ತಲೆ ಬಣ್ಣದ ಕೇಬಲುಗಳನ್ನು ಮುಟ್ಟುವ ಸಾಹಸ ತರಬೇತಿ ಪಡೆಯದವರಿಗೆ ಸಲ್ಲದು. ಆ ಕಾರುಗಳ ಒಡೆಯರು ತಾವಾಗಿ ಪರೀಕ್ಷಿಸಬಹುದಾದದ್ದೂ ಒಂದಿದೆ: ದೀಪ, ಹಾರನ್ನುಗಳಿಗೆಂದು ಇರುವ 12 ವೋಲ್ಟಿನ ಪುಟ್ಟ ಬ್ಯಾಟರಿ. ಒಳಗಿನ ರಿಲೇಗಳನ್ನು ಎಳೆಯುವ ಶಕ್ತಿ ಅದರದು. ಅದು ಸೊರಗಿದರೆ ದೊಡ್ಡ ಚಾರ್ಜರು ಸುಸ್ಥಿತಿಯಲ್ಲಿದ್ದೂ ಮೂಕವಾಗುತ್ತದೆ.

ಮೇಷ್ಟರ ಪೆಟ್ಟಿಗೆಯಲ್ಲಿ ಕಂಡದ್ದು ಬಹಳ ಸಾಧಾರಣವಾದದ್ದು. ತಂಪು ಮಾಡುವ ಫ್ಯಾನು ಧೂಳು ಹೀರಿ, ಎಣ್ಣೆ ಒಣಗಿ, ಸ್ತಬ್ಧವಾಗಿತ್ತು. ಶಾಖ ಮಿತಿ ಮೀರಿದೊಡನೆ ಚಾರ್ಜರು ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಲ್ಲುತ್ತಿತ್ತು. ಕೆಟ್ಟದ್ದೆಂದು ಕರೆಸಿಕೊಂಡದ್ದು ವಾಸ್ತವವಾಗಿ ಅದರ ವಿವೇಕ! ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ಎರಡು ಬೆಸುಗೆಗಳ ಸುತ್ತ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಕೆಪಾಸಿಟರುಗಳೊಳಗೆ ಒಂದು ಬಗೆಯ ದ್ರವವಿದೆ. ಶಾಖ 10 ಡಿಗ್ರಿ ಹೆಚ್ಚಿದರೆ ಅವುಗಳ ಆಯುಸ್ಸು ಸುಮಾರಾಗಿ ಅರ್ಧಕ್ಕಿಳಿಯುತ್ತದೆಂಬುದು ಕಸುಬಿನವರೆಲ್ಲ ಒಪ್ಪಿದ ಲೆಕ್ಕ. ಎಂದಮೇಲೆ ಫ್ಯಾನು ನಿಂತ ಚಾರ್ಜರು ಎಷ್ಟು ಬೇಗ ಮುದಿಯಾಗುವುದೆಂದು ಬೇರೆ ಹೇಳಬೇಕಿಲ್ಲ. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಗೆ ಹೋಗಿಬಂದರೆ ಇಂಥ ಫ್ಯಾನೂ ಕೆಪಾಸಿಟರೂ ಸಿಗುವುದು ಕಷ್ಟವಲ್ಲ.

ಫ್ಯೂಸು ಸುಟ್ಟ ಪ್ರಸಂಗಗಳಲ್ಲಿ ಮಾತ್ರ ಇನ್ನೊಂದು ಎಚ್ಚರಿಕೆ ಬೇಕು. ಫ್ಯೂಸಿನ ಪಕ್ಕದಲ್ಲಿ ಗುಂಡು ಬಿಲ್ಲೆಯಂಥ ವೇರಿಸ್ಟರು ಎಂಬ ವಸ್ತುವಿರುತ್ತದೆ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದು 230 ವೋಲ್ಟು 400ರತ್ತ ಏರಿದಾಗ ತಾನು ಸುಟ್ಟು ಮಿಕ್ಕದ್ದನ್ನು ಉಳಿಸುವುದು ಅದರ ಧರ್ಮ. ಅದನ್ನು ಕಿತ್ತೆಸೆದು ಬರಿಯ ಫ್ಯೂಸು ಹಾಕಿಕೊಟ್ಟರೆ ಗಾಡಿ ಓಡುತ್ತದೆ, ಮುಂದಿನ ಗುಡುಗುಮಳೆಯವರೆಗೆ. ಫ್ಯೂಸಿನ ಬದಲು ದಪ್ಪ ತಂತಿ ಸುತ್ತಿಕೊಡುವ ಮಹಾನುಭಾವರೂ ಉಂಟು. ಅವರಿಂದ ದೂರವಿರುವುದು ಲೇಸು.

ಆ ರಾತ್ರಿ ಚಾರ್ಜರು ನಿಲ್ಲದೆ ನಡೆಯಿತು. ಎಂಟು ಗಂಟೆಯಲ್ಲಿ ತುಂಬಬೇಕಾದದ್ದು ಹತ್ತಾದರೂ ತುಂಬಲಿಲ್ಲ. ಬೆಳಗ್ಗೆ ಪೀಠಗಳ ಕೆಳಗಿನಿಂದ ಆಮ್ಲದ ವಾಸನೆ. ಮೇಷ್ಟರು ಕೈಚೆಲ್ಲಿ ಕುಳಿತರು. ಮುಂದಿನ ಸುಳಿವು ಬಂದದ್ದು ಅಡಿಗೆಮನೆಯಿಂದ. ರೇವಾದ ಮುಂದಿನ ಪೀಠಗಳ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿವೆ; ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ತರಿಸಿದ ಕ್ಯಾನುಗಳ ಲೆಕ್ಕವನ್ನು ಪತ್ನಿ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದರು.

“ದೀಪಾವಳಿಯಿಂದೀಚೆಗೆ ನೀರು ಎರಡರಷ್ಟು ಕುಡಿಯುತ್ತಿದೆ. ನಿಮಗೆ ಆಗಲೇ ಹೇಳಿದ್ದೆ” ಎಂದರು ಆಕೆ.

ಹೇಳಿದ್ದೇನೋ ನಿಜ, ಕೇಳಿದವರಿರಲಿಲ್ಲ. ಮೀಟರು ಹಿಡಿದು ಒಂದೊಂದನ್ನೇ ಅಳೆದಾಗ ಏಳು ಬ್ಯಾಟರಿಗಳು 6 ವೋಲ್ಟಿಗೆ ಮೇಲಿದ್ದವು. ಒಂದು ಮಾತ್ರ 4ರ ಬಳಿ. ಪ್ರತಿ ಬ್ಯಾಟರಿಯಲ್ಲೂ 2 ವೋಲ್ಟಿನ ಮೂರು ಕೋಶಗಳಿರುವುದರಿಂದ ಒಂದು ಕೋಶ ಒಳಗೇ ಷಾರ್ಟಾಗಿದೆ ಎಂಬುದು ಸ್ಪಷ್ಟ. ಹೈಡ್ರೋಮೀಟರು ಅದ್ದಿದಾಗಲೂ ಆ ಕೋಶದ ಆಮ್ಲವೇ ನೀರಿನಂತೆ ತೆಳು. ವಿಚಿತ್ರವೆಂದರೆ ನೀರು ಬೇಡುತ್ತಿದ್ದವು ಉಳಿದ ಕೋಶಗಳು. ಸತ್ತ ಕೋಶದಲ್ಲಿ ನೀರು ಇಳಿದೇ ಇರಲಿಲ್ಲ.

ಇದರ ಗುಟ್ಟು ಹೀಗೆ. ಇಪ್ಪತ್ನಾಲ್ಕು ಕೋಶಗಳಿಗೆ ತಲಾ 2.4 ವೋಲ್ಟಿನಂತೆ 57.6 ವೋಲ್ಟು ಮುಟ್ಟಿದರೆ ಹೊಟ್ಟೆ ತುಂಬಿತೆಂದು ಚಾರ್ಜರು ತಿಳಿಯುವುದೆಂದಿಟ್ಟುಕೊಂಡರೆ, ಒಂದು ಕೋಶ ಸತ್ತಾಗ ಆ 57.6ನ್ನು ಇಪ್ಪತ್ತಮೂರೇ ಹಂಚಿಕೊಳ್ಳಬೇಕು, ತಲಾ 2.5 ವೋಲ್ಟು. ಅಷ್ಟಕ್ಕೆ ಅವು ಕುದಿಯತೊಡಗುತ್ತವೆ. ನೀರು ಒಡೆದು ಅನಿಲವಾಗಿ ಹಾರುತ್ತದೆ. ಆ ಅನಿಲದಲ್ಲಿ ಜಲಜನಕವಿರುವುದರಿಂದ ಮುಚ್ಚಿದ ಷೆಡ್ಡಿನಲ್ಲಿ ಒಂದು ಕಿಡಿಯೂ ಅಪಾಯ. ಮಟ್ಟ ಮುಟ್ಟದ ಕಾರಣ ಚಾರ್ಜರು ದಿನವೂ ಎರಡು ಮೂರು ಗಂಟೆ ಹೆಚ್ಚು ದುಡಿಯುತ್ತದೆ. ಹೆಚ್ಚು ದುಡಿದದ್ದರಿಂದ ಫ್ಯಾನು ಸವೆಯಿತು. ಅಷ್ಟು ಹೊತ್ತು ಎಳೆದದ್ದರಿಂದ ಮೊದಲೇ ಸಡಿಲವಾಗಿದ್ದ ಪ್ಲಗ್ಗಿನ ಕಡ್ಡಿ ಕರಿಯಾಯಿತು. ತೆಳು ವೈರಿನಲ್ಲಿ ವೋಲ್ಟು ಕುಸಿದು 210ಕ್ಕಿಳಿದಾಗ, ಅಷ್ಟೇ ಶಕ್ತಿಗಾಗಿ ಚಾರ್ಜರು ಇನ್ನಷ್ಟು ಆಂಪಿಯರು ಎಳೆದು ತಾನೂ ಕಾದು ಕಡ್ಡಿಯನ್ನೂ ಕಾಯಿಸಿತು. ಕೊನೆಗೆ ಸಿಕ್ಕ ದೋಷವೇ ಮೊದಲು ಹುಟ್ಟಿದ ದೋಷ. ಮೊದಲು ಕಂಡದ್ದು ಕೊನೆಯದು. ಮೇಷ್ಟರು ಆ ದಿನ ಮುಂಗಡ ಕೊಟ್ಟು ಬೇರೆ ಚಾರ್ಜರು ತಂದಿದ್ದರೆ ಅದೂ ಇದೇ ಹಾದಿ ಹಿಡಿಯುತ್ತಿತ್ತು. ಗುಜರಿಯವನು ಎರಡನೆಯ ಸಲ ಬಂದಾಗ ಬೆಲೆ ಇನ್ನೂ ಇಳಿದಿರುತ್ತಿತ್ತು.

ಸತ್ತ ಬ್ಯಾಟರಿಯ ಜಾಗಕ್ಕೆ ಹೊಚ್ಚ ಹೊಸದನ್ನು ತರುತ್ತೇನೆಂದು ಮೇಷ್ಟರು ಹೊರಟಾಗ ಕೈಕಸುಬಿನವನು ಮತ್ತೆ ತಡೆದ. ಏಳು ಮುದುಕರ ನಡುವೆ ಒಬ್ಬ ತರುಣನನ್ನು ನೊಗಕ್ಕೆ ಕಟ್ಟಿದರೆ ಮುದುಕರು ಮೊದಲು ತುಂಬಿ ಕುದಿಯುತ್ತಾರೆ, ಮೊದಲು ಬರಿದಾಗಿ ಬೀಳುತ್ತಾರೆ. ತರುಣನು ಎಂದೂ ಪೂರ್ತಿ ಉಣ್ಣುವುದಿಲ್ಲ. ಅಷ್ಟೇ ವಯಸ್ಸಿನ, ಅಷ್ಟೇ ಸಾಮರ್ಥ್ಯದ ಬಳಸಿದ ಬ್ಯಾಟರಿಯೇ ಈಗ ಹೊಂದಿಕೆ. ಎಂಟೂ ಸವೆದಾಗ ಎಂಟನ್ನೂ ಬದಲಿಸಬೇಕು. ಎಲ್ಲವನ್ನೂ ಕಿತ್ತು ಹಗುರವಾದ ಲಿಥಿಯಂ ಬ್ಯಾಟರಿ ಹಾಕಿಸಿಕೊಳ್ಳುವವರೂ ಇದ್ದಾರೆ. ಅವರು ಸೀಸದ ಬ್ಯಾಟರಿಗೆಂದು ಹೊಂದಿಸಿದ ಹಳೆಯ ಚಾರ್ಜರನ್ನೇ ಅದಕ್ಕೆ ಜೋಡಿಸಿದರೆ ಬೆಂಕಿಯನ್ನು ಮನೆಗೆ ಕರೆದಂತೆ. ಪ್ರತಿ ಕೋಶವನ್ನೂ ಕಾಯುವ ವ್ಯವಸ್ಥೆಯೂ ಅದಕ್ಕೆ ತಕ್ಕ ಚಾರ್ಜರೂ ಒಟ್ಟಿಗೇ ಬರಬೇಕು.

ಬಳಸಿದ ಬ್ಯಾಟರಿ ಸಿಗಲು ವಾರ ಹಿಡಿಯಿತು. ಆ ವಾರ ಆಸ್ಪತ್ರೆಗೆ ಟ್ಯಾಕ್ಸಿ. ಎಂಟನೆಯ ದಿನ ರಾತ್ರಿ ಪ್ಲಗ್ಗು ಚುಚ್ಚಿ ಅರ್ಧ ಗಂಟೆಯಾದ ಮೇಲೆ ಮೇಷ್ಟರು ಹೋಗಿ ಸಾಕೆಟ್ಟಿನ ಮೇಲೆ ಕೈಯಿಟ್ಟು ನೋಡಿದರು, ತಣ್ಣಗಿತ್ತು. ಬೆಳಗ್ಗೆ ಐದೂವರೆಗೆ ಚಾರ್ಜರು ತಾನಾಗಿಯೇ ನಿಂತಿತ್ತು. ಪತ್ನಿ ಹಾಲಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ಹೊತ್ತನ್ನೂ ಬರೆದುಕೊಂಡರು.