ಕೇಳುವ ಕಿವಿಗೊಂದು ಕೆಲಸ

60 ವರ್ಷ ತುಂಬಿ ಶಾಲೆಯಿಂದ ಹೊರಬಂದ ಉಪಾಧ್ಯಾಯರಿಗೆ ಸಂಬಳ ಕುಗ್ಗುವುದಕ್ಕಿಂತ, ಮಾತು ಕೇಳುವವರು ಇಲ್ಲದಂತಾಗುವುದೇ ಹೆಚ್ಚಿನ ಕಷ್ಟ. ಪುತ್ತೂರು, ಸುಳ್ಯ, ಕಡಬಗಳ ತೋಟದ ಮನೆಗಳಲ್ಲಿ ಇಂಥ ಹಿರಿಯರು ವಿರಳರಲ್ಲ. ಮಕ್ಕಳು ದೂರ ಸೇರಿದ ಮೇಲೆ ಜಗಲಿಯಲ್ಲಿ ಉಳಿಯುವುದು ಅಡಕೆಯ ಧಾರಣೆಯ ಮಾತು ಮಾತ್ರ.

ಈ ಒಂಟಿತನಕ್ಕೆ ಬೇರೆಡೆ ಮದ್ದೊಂದು ದೊರೆತಿದೆ. 2009ರಲ್ಲಿ ಸುಗತ ಮಿತ್ರರು ಕರೆಯಿತ್ತಾಗ, ಇಂಗ್ಲೆಂಡಿನ ಅನೇಕ ನಿವೃತ್ತ ಶಿಕ್ಷಕಿಯರು ಸ್ಕೈಪ್ ಮೂಲಕ ಭಾರತದ ಬಡಮಕ್ಕಳೊಡನೆ ಇಂಗ್ಲಿಷಿನಲ್ಲಿ ಹರಟತೊಡಗಿದರು. ‘ಗ್ರ್ಯಾನಿ ಕ್ಲೌಡ್’, ಎಂದರೆ ಅಜ್ಜಿಯರ ಮೋಡ, ಎಂದೇ ಅದಕ್ಕೆ ಹೆಸರಾಯಿತು. 2014ರಲ್ಲಿ ಬ್ರೆಜಿಲಿನ ಸಿ.ಎನ್.ಎ. ಭಾಷಾಶಾಲೆಯು ತನ್ನ ವಿದ್ಯಾರ್ಥಿಗಳನ್ನು ಶಿಕಾಗೋದ ವೃದ್ಧರೊಡನೆ ಮಾತಿಗೆ ಕೂಡಿಸಿತು. ಅಲ್ಲಿ ವ್ಯಾಕರಣದ ಬೋಧನೆಯಿರಲಿಲ್ಲ. ಹಿರಿಯರು ತಮ್ಮ ಬಾಳಿನ ಕಥೆ ಹೇಳಿದರು, ಕಿರಿಯರ ಕಥೆ ಕೇಳಿದರು.

ಪುತ್ತೂರಿಗೆ ಇದು ತೀರ ಹೊಸ ವಿಚಾರವಲ್ಲ. ಪಾಠವೆಂದರೆ ಗದರಿಕೆಯಲ್ಲವೆಂದು ಶಿವರಾಮ ಕಾರಂತರು ಇಲ್ಲಿಯ ಬಾಲವನದಲ್ಲಿ ಎಂದೋ ತೋರಿಸಿದ್ದರು. ವೇಳೆಯೂ ಅನುಕೂಲವೇ: ಇಲ್ಲಿ ಸಂಜೆ 7 ಗಂಟೆಯಾದಾಗ ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ ಬೆಳಗಿನ ಹತ್ತೂವರೆ.

ಅಡ್ಡಿಗಳೂ ಉಂಟು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಕೈಕೊಡುತ್ತವೆ. ಮಕ್ಕಳ ಸುರಕ್ಷತೆಗಾಗಿ ಅಧ್ಯಾಪಕರೊಬ್ಬರು ಜೊತೆಗಿರಲೇಬೇಕು. ‘ನಮ್ಮ ಇಂಗ್ಲಿಷು ಆಂಗ್ಲರದರಂತಿಲ್ಲ’ ಎಂಬ ಸಂಕೋಚ ಎಲ್ಲಕ್ಕಿಂತ ದೊಡ್ಡದು. ಆದರೆ ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಹವ್ಯಕವನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಳಿಕ ಇಂಗ್ಲಿಷಿಗೆ ನಡೆದವರು ಇವರು. ಪರಭಾಷೆಯಲ್ಲಿ ತಡವರಿಸುವ ಮಗುವಿಗೆ ಇವರಿಗಿಂತ ತಾಳ್ಮೆಯ ಶ್ರೋತೃಗಳು ಎಲ್ಲಿ ಸಿಕ್ಕಾರು?