ಒಲವಿನ ಓಲೆಗೆ ಹೆಸರಿರಲಿ



ಈಚೆಗೆ ಶಿವಾನುಭವ ಗೋಷ್ಠಿಯ ನಿಮಿತ್ತ ಸಾಗರ ಸೀಮೆಯ ಬ್ಯಾಕೋಡಿಗೆ ಹೋಗಿದ್ದೆವು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದ ಮೇಲೆ ಸಾಗರದಿಂದ ಅಲ್ಲಿಗೆ ಹೋಗುವವರು ಲಾಂಚಿಗಾಗಿ ಕಾಯಬೇಕಾಗಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ತೆರೆದುದರಿಂದ ನಮಗೆ ಆ ಪ್ರಸಂಗ ಬರಲಿಲ್ಲ.

ಪ್ರಸಾದಕ್ಕೆ ಕರೆದಿದ್ದ ಮನೆಯ ಯಜಮಾನರು ಮಗಳ ಕಾಲೇಜು ಪುಸ್ತಕದೊಳಗೆ ಸಿಕ್ಕಿದ ಕಾರ್ಡೊಂದನ್ನು ನಮ್ಮ ಮುಂದಿಟ್ಟರು. ಕೆಂಪು ಹೃದಯದ ಚಿತ್ರ. ಕೆಳಗೆ ಅಚ್ಚಾದ ನಾಲ್ಕು ಸಾಲಿನ ಇಂಗ್ಲಿಷ್ ಪದ್ಯ. "ಶಾಸ್ತ್ರಿಗಳೇ, ಇದೆಲ್ಲಿಯ ಅನಿಷ್ಟ? ಒಲೆಗೆ ಹಾಕಿ, ಮಗಳ ಓದು ನಿಲ್ಲಿಸಿಬಿಡಲೇ?" ಎಂದು ಕೇಳಿದರು. ಬಾಗಿಲ ಬಳಿ ಕುಳಿತಿದ್ದ ಅವರ ವೃದ್ಧ ತಾಯಿ ಮಾತ್ರ ಬೇರೊಂದು ಪ್ರಶ್ನೆ ಹಾಕಿದರು: "ಅದರಲ್ಲಿ ಹೆಸರು ಬರೆದಿದೆಯೇನಪ್ಪ?" ಹೆಸರಿರಲಿಲ್ಲ.

ಒಲೆಗೆ ಹಾಕುವುದು ಸುಲಭ. ಅದರ ಮೂಲವನ್ನು ಅರಿಯುವುದು ಮೊದಲಾಗಲಿ ಎಂದೆವು. ಇಂಗ್ಲಿಷಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ವ್ಯಾಲೆಂಟೈನ್ ಓಲೆ ೧೪೭೭ರ ಫೆಬ್ರವರಿಯದು. ನಾರ್ಫೋಕ್ ಪ್ರಾಂತದ ಮಾರ್ಜರಿ ಬ್ರೂಸ್ ಎಂಬ ಕನ್ಯೆ ತನ್ನ ಭಾವೀ ಪತಿ ಜಾನ್ ಪಾಸ್ಟನ್ನನಿಗೆ ಅದನ್ನು ಬರೆಯಿಸಿದಳು. ಅದರ ವಿಷಯವೇನೆಂದು ಬಲ್ಲಿರಾ? ವರದಕ್ಷಿಣೆ! ತಂದೆ ಇನ್ನು ಹೆಚ್ಚು ಕೊಡಲಾರರು. ಪ್ರೀತಿ ನಿಜವಾದರೆ ಆ ಕಾರಣಕ್ಕೆ ನನ್ನನ್ನು ಕೈಬಿಡಬೇಡ ಎಂಬುದು ಅವಳ ಮೊರೆ. ಓಲೆ ಬರೆದುಕೊಟ್ಟವನು ತಂದೆಯ ಗುಮಾಸ್ತ. ಆ ವರ್ಷವೇ ಅವರಿಬ್ಬರ ವಿವಾಹ ನೆರವೇರಿತು. ಓಲೆ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇಂತಹ ಓಲೆ ವ್ಯಾಪಾರದ ಸರಕಾದುದು ಬಹಳ ತಡವಾಗಿ. ೧೮೪೦ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂದು, ಕಳುಹಿಸುವವನೇ ಮುಂಗಡ ಹಣ ತೆತ್ತು, ಹೆಸರಿಲ್ಲದೆಯೂ ಓಲೆ ಅಟ್ಟುವುದು ಸುಲಭವಾಯಿತು. ಅಮೆರಿಕದ ವುಸ್ಟರ್ ನಗರದಲ್ಲಿ ಎಸ್ತರ್ ಹೌಲೆಂಡ್ ಎಂಬಾಕೆ ೧೮೪೭ರ ಸುಮಾರಿಗೆ ಕಸೂತಿಯಂತಹ ಕಾಗದ, ಬಣ್ಣದ ಹೂಗಳನ್ನು ಅಂಟಿಸಿ ಕಾರ್ಡು ಮಾಡತೊಡಗಿದಳು. ಬೇಡಿಕೆ ಹೆಚ್ಚಿದಾಗ ಮನೆಯಲ್ಲಿಯೇ ಹೆಂಗಸರನ್ನು ಸಾಲಾಗಿ ಕೂರಿಸಿ ಕೆಲಸ ಹಂಚಿದಳು. ಸಾವಿರಾರು ಪ್ರೇಮಿಗಳಿಗೆ ಮಾತು ಒದಗಿಸಿದ ಆಕೆ ಸ್ವತಃ ಅವಿವಾಹಿತೆಯಾಗಿಯೇ ಉಳಿದಳು. ನಮ್ಮಲ್ಲಿ ೧೯೭೯ರಲ್ಲಿ ದೆಹಲಿಯಲ್ಲಿ ಹುಟ್ಟಿದ ಆರ್ಚೀಸ್ ಸಂಸ್ಥೆಯ ಕಾರ್ಡುಗಳು, ೧೯೯೧ರ ಬಳಿಕ ಮನೆಮನೆಗೆ ಬಂದ ಹೊಸ ಟಿ.ವಿ. ವಾಹಿನಿಗಳು ಆ ದಿನವನ್ನು ಪಟ್ಟಣದ ಯುವಜನರಿಗೆ ಪರಿಚಯಿಸಿದವು.

ಹಾಗೆಂದು ನಮ್ಮ ನಾಡಿಗೆ ಒಲವಿನ ಮಾತು ಹೊರಗಿನಿಂದ ಬಂದುದಲ್ಲ. ಮದುವೆಯ ಮನೆಯಲ್ಲಿ ವಧೂವರರು ಒಡಪು ಕಟ್ಟಿ ಪರಸ್ಪರರ ಹೆಸರು ಹೇಳುವ ಸಂಪ್ರದಾಯವನ್ನು ಬಲ್ಲಿರಿ. ದಿನನಿತ್ಯ ನಾಲಗೆಯ ಮೇಲೆ ತರದ ಹೆಸರನ್ನು ಅಂದು ಪದ್ಯದಲ್ಲಿ ಸುತ್ತಿ, ಸಭೆಯ ಎದುರಿನಲ್ಲಿ ನುಡಿಯುತ್ತಾರೆ. ೧೯೪೨ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂದ ಮೇಲೆ ನವದಂಪತಿಗಳಿಗೆ ಆ ಪುಸ್ತಕವನ್ನೇ ಉಡುಗೊರೆ ಕೊಡುವ ವಾಡಿಕೆ ಬೆಳೆಯಿತು.

ನಮ್ಮ ಮಾತು ಮುಗಿಯುವ ಹೊತ್ತಿಗೆ ಆ ತಾಯಿ ಒಳಗೆ ಹೋಗಿ, ಟ್ರಂಕಿನಿಂದ ಮಾಸಿದ ಇನ್‌ಲ್ಯಾಂಡ್ ಪತ್ರವೊಂದನ್ನು ತಂದರು. ಮುಳುಗಡೆಯಲ್ಲಿ ಗದ್ದೆ ಹೋದ ಮೇಲೆ ಪತಿ ಕೂಲಿಗಾಗಿ ಶಿವಮೊಗ್ಗೆಯ ಕಡೆ ಹೋಗಿದ್ದಾಗ ಬರೆದುದು. ಕ್ಷೇಮಸಮಾಚಾರದ ಬಳಿಕ ಇದ್ದುದು ಇಷ್ಟೇ: ಮಳೆಗಾಲ ಹತ್ತಿರವಾಯಿತು, ಮಾಡಿಗೆ ಸೋಗೆ ಹೊದಿಸಲು ನೀನು ಏಣಿ ಹತ್ತಬೇಡ, ನಾನು ಬರುತ್ತೇನೆ. ಕೊನೆಯಲ್ಲಿ ದಪ್ಪಕ್ಷರದ ರುಜು. "ನನಗೆ ಓದು ಬಾರದು, ಶಾಲೆಯ ಮೇಷ್ಟ್ರು ಎಲ್ಲರೆದುರು ಓದಿದ್ದರು. ಮಳೆಗೆ ಮುಂಚೆ ಬಂದರು" ಎಂದರು ಆಕೆ.

ಅನ್ಯರ ಬಾಯಿಂದ ಓದಿಸಿಕೊಳ್ಳುವ ಪತ್ರದಲ್ಲಿ ಪ್ರೇಮವೆಂಬ ಪದಕ್ಕೆ ಎಡೆಯೆಲ್ಲಿ? ಆದರೂ ಏಣಿ ಹತ್ತಬೇಡವೆಂಬ ಮಾತಿನಲ್ಲಿ ಅದು ತುಂಬಿತ್ತು. ನುಡಿದಾತ ನುಡಿದಂತೆ ನಡೆದಿದ್ದ. ಮಾರ್ಜರಿಯೂ ಗುಮಾಸ್ತನಿಂದ ಬರೆಯಿಸಿದಳಾದರೂ ತಾನಾರೆಂಬುದನ್ನು ಮರೆಮಾಡಲಿಲ್ಲ. ಕಾಗದ ಬಣ್ಣದ್ದೋ ಬಿಳಿಯದೋ ಎಂಬುದು ಮುಖ್ಯವಲ್ಲ. ಬರೆದವನು ತನ್ನ ಹೆಸರಿಟ್ಟು ಆ ಮಾತಿಗೆ ನಿಲ್ಲುವನೇ ಎಂಬುದೇ ಮುಖ್ಯ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಗಳ ಪುಸ್ತಕದಲ್ಲಿ ಕಾರ್ಡು ಸಿಕ್ಕಿತೆಂದು ಅವಳ ಪುಸ್ತಕವನ್ನೇ ಕಸಿಯಬೇಡಿ. ಯಾರೋ ಕಳುಹಿಸಿದ ಕಾಗದಕ್ಕೆ ಅವಳು ಹೊಣೆಯಲ್ಲ. ಅವಳ ಮನಸ್ಸೇನೆಂದು ಬೈಯದೆ ಕೇಳಿ. ಅವಳ ಉತ್ತರ ಹಿಡಿಸದಿದ್ದರೂ ಪೂರ್ತಿ ಕೇಳಿ. ಯುವಕರಿಗೂ ಒಂದು ಮಾತು: ಹೆಸರು ಹೇಳಲು ಅಂಜುವವರು ಓಲೆ ಕಳುಹಿಸುವ ಆತುರ ಮಾಡಬಾರದು, ಒಲ್ಲೆನೆಂದರೆ ಮರಳಿ ಪೀಡಿಸಲೂ ಬಾರದು.

ನಾವು ಹೊರಡುವ ತನಕ ಕಾರ್ಡು ಒಲೆಗೆ ಹೋಗಿರಲಿಲ್ಲ. ಯಜಮಾನರು ಮಗಳನ್ನು ಕರೆದು, "ಬಾ ತಾಯಿ, ಅಜ್ಜಿಯ ಹತ್ತಿರ ಕೂತು ಮಾತಾಡೋಣ. ನಾಳೆ ಕಾಲೇಜು ತಪ್ಪಿಸಬೇಡ" ಎಂದರು.