ವಿಮಾ ಷೇರಿನ ‘ಇಳುವರಿ’ ನಂಬುವ ಮುನ್ನ

‘ಹೆಚ್ಚು ಡಿವಿಡೆಂಡ್ ಕೊಡುವ ಷೇರುಗಳು’ ಎಂಬ ಪಟ್ಟಿಗಳು ಈಗ ನಮ್ಮ ವಾಣಿಜ್ಯ ವಿಭಾಗದ ಗೆಳೆಯರ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ನಮ್ಮಲ್ಲಿ ಬಹಳಷ್ಟು ಮಂದಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಸ್ವಂತ ಡಿಮ್ಯಾಟ್ ಖಾತೆ ಇಲ್ಲ. ಆದರೂ ಮನೆಯಲ್ಲಿ ಅಬ್ಬಾಗೋ ಅಣ್ಣನಿಗೋ ‘ಇದನ್ನು ತಗೊಳ್ಳಿ’ ಎಂದು ಹೇಳುವವರು ನಾವೇ. ಕಬ್ಬಿನ ಬಿಲ್ಲಿನ ಹಣ, ಅಂಗಡಿಯ ಉಳಿತಾಯ ನಮ್ಮ ಮಾತಿನ ಮೇಲೆ ಹೋಗುತ್ತದೆ. ಆ ಪಟ್ಟಿಗಳಲ್ಲಿ ವಾಹನ, ಬೆಂಕಿ, ಬೆಳೆ ವಿಮೆಯ ಕಂಪನಿಗಳೂ ಇರುತ್ತವೆ. ಡಿವಿಡೆಂಡ್ ಇಳುವರಿ ಒಂದನ್ನೇ ನೋಡಿ ಈ ಕಂಪನಿಗಳನ್ನು ಆರಿಸಬಾರದು ಎಂಬುದು ನನ್ನ ವಾದ.

ಲೆಕ್ಕ ಸುಲಭ. ವರ್ಷದ ಲಾಭಾಂಶವನ್ನು ಷೇರಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಇಳುವರಿ ಸಿಗುತ್ತದೆ. ಕಂಪನಿ ಹೆಚ್ಚು ಕೊಟ್ಟರೂ ಇದು ಏರುತ್ತದೆ, ಷೇರಿನ ಬೆಲೆ ಬಿದ್ದರೂ ಏರುತ್ತದೆ. ಯಾವ ಕಾರಣಕ್ಕೆ ಏರಿತೆಂದು ಪಟ್ಟಿ ಹೇಳುವುದಿಲ್ಲ.

ಜಿಐಸಿ ರೀ ಕಥೆ ನೋಡಿ. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಇದು. 2017ರ ಅಕ್ಟೋಬರ್‌ನಲ್ಲಿ ಷೇರಿಗೆ 912 ರೂಪಾಯಿಯಂತೆ ಜನರಿಗೆ ಮಾರಿತು. ಮರುವರ್ಷ ಒಂದಕ್ಕೊಂದು ಬೋನಸ್ ಕೊಟ್ಟದ್ದರಿಂದ ಕೊಂಡವರಿಗೆ ಬಿದ್ದ ಬೆಲೆ 456. 2018–19ಕ್ಕೆ ಲಾಭಾಂಶ 6.75 ರೂಪಾಯಿ. 2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಷೇರು ನೂರರ ಕೆಳಗೆ ಜಾರಿತು. ಹಳೆಯ ಲಾಭಾಂಶವನ್ನು ಆ ಬೆಲೆಯಿಂದ ಭಾಗಿಸಿದರೆ ಇಳುವರಿ ಶೇ. 6.75ಕ್ಕಿಂತ ಹೆಚ್ಚು! ಪಟ್ಟಿಯಲ್ಲಿ ಮೇಲೆ ಕೂರಲು ಅಷ್ಟು ಸಾಕು. ಆದರೆ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಲಾಭಾಂಶ ತಡೆಹಿಡಿಯಿರಿ ಎಂದಿತು. ಜಿಐಸಿಗೆ ಆ ವರ್ಷ 359 ಕೋಟಿ ನಷ್ಟ. ಆ ವರ್ಷಕ್ಕೆ ಲಾಭಾಂಶವಿಲ್ಲ, ಮುಂದಿನ ವರ್ಷಕ್ಕೂ ಇಲ್ಲ. 2021–22ಕ್ಕೆ ಬಂದದ್ದು 2.25 ರೂಪಾಯಿ. ನಂತರ 7.20, ಆಮೇಲೆ 10. ಮಳೆ ನಂಬಿದ ಹೊಲದ ಇಳುವರಿಯೂ ಹೀಗೇ ಏರಿಳಿಯುತ್ತದೆ ಅಲ್ಲವೇ?

ಇದಕ್ಕೆ ಕಾರಣ ವಿಮೆಯ ವ್ಯಾಪಾರದಲ್ಲೇ ಇದೆ. ಕಿರಾಣಿ ಅಂಗಡಿಯವರು ಕೊಂಡ ಬೆಲೆ ತಿಳಿದು ಮಾರುತ್ತಾರೆ. ವಿಮೆಯವರು ಮೊದಲು ಮಾರುತ್ತಾರೆ, ಖರ್ಚು ಎಷ್ಟೆಂದು ಆಮೇಲೆ ಗೊತ್ತಾಗುತ್ತದೆ. ನೂರು ರೂಪಾಯಿ ಪ್ರೀಮಿಯಂಗೆ ಪರಿಹಾರ ಮತ್ತು ಖರ್ಚು ಸೇರಿ ಎಷ್ಟು ಹೋಯಿತು ಎಂಬುದನ್ನು ಕಂಬೈನ್ಡ್ ರೇಶಿಯೋ ಎನ್ನುತ್ತಾರೆ. ನಮ್ಮ ಸರ್ಕಾರಿ ಕಂಪನಿಗಳಲ್ಲಿ ಇದು ವರ್ಷಗಳಿಂದ ನೂರರ ಮೇಲೆಯೇ ಇದೆ. ಕೊರತೆ ತುಂಬುವುದು ಬಾಂಡ್, ಷೇರುಗಳ ಹೂಡಿಕೆಯ ವರಮಾನ. (ಬಡ್ಡಿಯ ಆ ವರಮಾನ ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ, ಷರಿಯಾ ಸೂಚ್ಯಂಕಗಳು ಸಾಂಪ್ರದಾಯಿಕ ವಿಮಾ ಕಂಪನಿಗಳನ್ನು ಸೇರಿಸಿಕೊಳ್ಳುವುದೂ ಇಲ್ಲ.)

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ಅಂಗಡಿಗೆ ವಿಮೆ ಮಾಡಿಸಿದವರ ಪರಿಹಾರವೂ ಷೇರುದಾರರ ಲಾಭಾಂಶವೂ ಒಂದೇ ಪೆಟ್ಟಿಗೆಯಿಂದ ಬರಬೇಕು. ಫಸಲ್ ಬಿಮಾದಲ್ಲಿ ಮುಂಗಾರಿನ ಗೋವಿನಜೋಳಕ್ಕೆ ರೈತ ಕಟ್ಟುವುದು ವಿಮಾ ಮೊತ್ತದ ಶೇ. 2 ಮಾತ್ರ, ಉಳಿದ ಪ್ರೀಮಿಯಂ ಸರ್ಕಾರಗಳದ್ದು. ಬೆಳೆ ಹಾಳಾದ ವರ್ಷ ಆ ರೈತನ ಪಾಲು ಮೊದಲು ಹೋಗಲಿ. ಆ ವರ್ಷ ಲಾಭಾಂಶ ಕಡಿತವಾದರೆ ಅದನ್ನು ಕಂಪನಿಯ ದೋಷವೆಂದು ನಾನು ಎಣಿಸುವುದಿಲ್ಲ.

ಸರ್ಕಾರದ ಲೆಕ್ಕ ಇನ್ನೂ ವಿಚಿತ್ರ. ಜಿಐಸಿ, ನ್ಯೂ ಇಂಡಿಯಾ ಎರಡರಲ್ಲೂ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಷೇರು ಸರ್ಕಾರದ್ದೇ, ಲಾಭಾಂಶದ ದೊಡ್ಡ ಭಾಗವೂ ಅದಕ್ಕೇ. ಅದೇ ಸರ್ಕಾರ 2019–20ರಿಂದ ಮೂರು ವರ್ಷದಲ್ಲಿ ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಕಂಪನಿಗಳಿಗೆ 17,450 ಕೋಟಿ ಬಂಡವಾಳ ತುಂಬಿತು.

ಐಸಿಐಸಿಐ ಲೊಂಬಾರ್ಡ್ 2024–25ಕ್ಕೆ ಕೊಟ್ಟದ್ದು ಷೇರಿಗೆ 12.50 ರೂಪಾಯಿ. ಮಾರುಕಟ್ಟೆ ಬೆಲೆಯ ಮೇಲೆ ಅದು ಶೇ. 1 ಕೂಡ ಆಗದು. ಹಾಗೆಂದು ಆ ಕಂಪನಿಯನ್ನು ಯಾರೂ ಬಡಪಾಯಿ ಎನ್ನುವುದಿಲ್ಲ.

ನಮ್ಮ ವಾಣಿಜ್ಯ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಈ ಸಲದ ಪ್ರಾಜೆಕ್ಟಿಗೆ ಒಂದು ವಿಮಾ ಕಂಪನಿಯ ಐದು ವರ್ಷದ ವಾರ್ಷಿಕ ವರದಿ ಕೊಡಿ. ಇಳುವರಿಯ ಪಕ್ಕದಲ್ಲೇ ಕಂಬೈನ್ಡ್ ರೇಶಿಯೋ, ಸಾಲ್ವೆನ್ಸಿ, ಕೊಟ್ಟ ಪರಿಹಾರ ಇವನ್ನೂ ನಾವೇ ಬರೆದು ತರುತ್ತೇವೆ.